‘ಏನಿಲ್ಲ, ಮನೇಲೇ ಇರೋದು’

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಮಾತು ಶುರುಮಾಡುವುದು ಊರಿನಿಂದ. ಯಾವೂರು, ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ, ಮಕ್ಕಳೆಷ್ಟು. ಕೋಸಂಬರಿ, ಪಲ್ಯ ಬಡಿಸಿ ಅನ್ನ ಬರುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ: ‘ನೀವೇನ್ ಮಾಡ್ಕೊಂಡಿದ್ದೀರಿ?’ ಹೊರಗೆ ದುಡಿಯುವ ಹೆಂಗಸಾದರೆ ಒಂದೇ ಪದದಲ್ಲಿ ಮುಗಿಯಿತು. ಟೀಚರು, ನರ್ಸು, ಬ್ಯಾಂಕು. ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ತಾಯಿಯಾದರೆ ಉತ್ತರಕ್ಕೆ ಮುಂಚೆ ಒಂದು ‘ಏನಿಲ್ಲ’ ಬರುತ್ತದೆ. ‘ಏನಿಲ್ಲ, ಮನೇಲೇ ಇರೋದು.’ ಧಾರವಾಡದ ಕಡೆ ‘ಏನಿಲ್ರಿ, ಮನ್ಯಾಗ ಇರ್ತೀನ್ರಿ.’ ಮಂಗಳೂರಿನ ಕಡೆ ‘ಎಂಥದ್ದೂ ಇಲ್ಲ, ಮನೆಯಲ್ಲೇ ಇರುವುದು.’ ಊರಿಗೊಂದು ಕನ್ನಡ ಇರಬಹುದು, ಈ ಉತ್ತರ ಮಾತ್ರ ಎಲ್ಲ ಊರಲ್ಲೂ ಒಂದೇ.

ಇದನ್ನು ನಮ್ರತೆ ಎಂದುಕೊಳ್ಳುವವರಿದ್ದಾರೆ. ಕೀಳರಿಮೆ ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ‘ಏನ್ ಮಾಡ್ಕೊಂಡಿದ್ದೀರಿ’ ಎಂದರೆ ನಮ್ಮಲ್ಲಿ ‘ದುಡ್ಡು ಎಲ್ಲಿಂದ ಬರುತ್ತೆ’ ಎಂದೇ ಅರ್ಥ. ಅದು ಕೇಳುವವರಿಗೂ ಗೊತ್ತು, ಉತ್ತರ ಕೊಡುವವಳಿಗೂ ಗೊತ್ತು. ಬೆಳಗ್ಗೆ ಐದೂವರೆಗೆ ಎದ್ದು ಹಾಲು ಕಾಯಿಸಿದ್ದು, ದೊಡ್ಡವನ ಡಬ್ಬಿಗೆ ಚಪಾತಿ, ಚಿಕ್ಕವಳ ಡಬ್ಬಿಗೆ ಚಿತ್ರಾನ್ನ, ಮಾವನಿಗೆ ಉಪ್ಪಿಲ್ಲದ ಸಾರು ಎಂದು ಮೂರು ಅಡುಗೆ ಮಾಡಿದ್ದು, ಸ್ಕೂಲ್ ವ್ಯಾನಿನ ಹಿಂದೆ ನೀರಿನ ಬಾಟಲಿ ಹಿಡಿದು ಓಡಿದ್ದು ಇವನ್ನೆಲ್ಲ ಪಂಕ್ತಿಯಲ್ಲಿ ಕೂತು ಯಾರೂ ಒಪ್ಪಿಸುವುದಿಲ್ಲ. ಕೇಳಿದ್ದು ಸಂಬಳದ ವಿಚಾರ. ಅದು ಇಲ್ಲ. ಆದ್ದರಿಂದ ‘ಏನಿಲ್ಲ’. ಕೇಳಿದ ಪ್ರಶ್ನೆಗೆ ಆಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಾಳೆ.

ಹಾಗಂತ ಆಕೆ ಎಲ್ಲರಿಗೂ ಇದೇ ಉತ್ತರ ಕೊಡುತ್ತಾಳೆ ಎಂದೇನಲ್ಲ. ಮಕ್ಕಳನ್ನು ವ್ಯಾನು ಹತ್ತಿಸಲು ಬಂದ ಇನ್ನೊಬ್ಬ ತಾಯಿ ‘ನೀವೂ ಮನೇಲೇನಾ?’ ಎಂದು ಕೇಳಿದಾಗ ‘ಹೂಂ ರೀ, ಮನೇಲೇ’ ಎನ್ನುವ ದನಿ ಬೇರೆ. ಅಲ್ಲಿ ಒಂದು ನಿರಾಳ ಇದೆ, ಮುಂದೆ ಅರ್ಧ ಗಂಟೆಯ ಮಾತಿಗೆ ದಾರಿಯಿದೆ. ಆಫೀಸಿಗೆ ಹೋಗುವ ಓರಗಿತ್ತಿ ‘ನಿಂಗೇನಮ್ಮ, ಆರಾಮಾಗಿ ಮನೇಲಿರ್ತೀಯ’ ಎಂದಾಗ ಅದೇ ಮನೆ ಚುಚ್ಚುವ ಮಾತಾಗುತ್ತದೆ. ಓದಿನಲ್ಲಿ ತನಗಿಂತ ಹಿಂದಿದ್ದ ಹಳೆಯ ಸಹಪಾಠಿ ಕೇಳಿದರಂತೂ ಉತ್ತರ ಭೂತಕಾಲಕ್ಕೆ ಜಾರಿಬಿಡುತ್ತದೆ. ‘ಮೊದಲು ಲೆಕ್ಚರರ್ ಆಗಿದ್ದೆ.’ ‘ಐಟಿಲಿದ್ದೆ, ಮಗು ಆದ್ಮೇಲೆ ಬಿಟ್ಟೆ.’ ‘ಸದ್ಯಕ್ಕೆ ಮನೇಲಿದ್ದೀನಿ.’ ಈ ‘ಸದ್ಯಕ್ಕೆ’ ಎಂಬುದು ಕೆಲವರಲ್ಲಿ ಹದಿನೈದು ವರ್ಷ ನಡೆಯುತ್ತದೆ. ಕೆಲಸ ಬಿಟ್ಟ ದಿನವೇ ‘ನಾನಿನ್ನು ಗೃಹಿಣಿ’ ಎಂದವರನ್ನು ನಾನು ಕಂಡಿಲ್ಲ. ಮಗು ನಡೆಯಲಿ, ಶಾಲೆಗೆ ಸೇರಲಿ, ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದು ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಸಮುದ್ರ ದಾಟಿದ ಕನ್ನಡತಿಯರಲ್ಲಿ ಈ ‘ಆಗಿದ್ದೆ’ಗೆ ಕಾನೂನಿನ ಮೊಹರೂ ಬೀಳುತ್ತದೆ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವವರ ಸಂಗಾತಿಗೆ ಸಿಗುವುದು ಎಚ್-4. ಅದರ ಮೇಲೆ ದುಡಿಯಲು ಅನುಮತಿಯೇ ಇರಲಿಲ್ಲ. 2015ರ ಮೇ ತಿಂಗಳಿನಿಂದ, ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಹೆಂಡತಿಯೂ ಕೆಲಸದ ಪರವಾನಗಿ ಕೇಳಬಹುದು ಎಂದಾಯಿತು. ಬೆಂಗಳೂರಿನಲ್ಲಿ ದಂತವೈದ್ಯೆಯಾಗಿದ್ದವಳು, ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಅಲ್ಲಿನ ಕನ್ನಡ ಕೂಟದ ಯುಗಾದಿ ಊಟದಲ್ಲಿ ತನ್ನ ಪರಿಚಯ ಹೇಳಿಕೊಳ್ಳುವುದು ವೀಸಾದ ಸಂಖ್ಯೆಯಿಂದ: ‘ನಾನು ಎಚ್-4ಲ್ಲಿದ್ದೀನಿ.’ ಮನೆಯಲ್ಲಿರುವುದು ತನ್ನ ಆಯ್ಕೆಯಲ್ಲ ಎಂದು ತಿಳಿಸಲು ಇದಕ್ಕಿಂತ ಚುಟುಕು ದಾರಿ ಆಕೆಗಿಲ್ಲ.

ಇದಕ್ಕೆ ತೀರಾ ಎದುರಾದ ಉತ್ತರವೂ ನಮ್ಮಲ್ಲಿದೆ. ಅದನ್ನು ಹೇಳುವವರು ಹೆಚ್ಚಾಗಿ ಗಂಡಸರು: ‘ನಮ್ಮ ಮನೆ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗಲ್ಲ.’ ಇಲ್ಲಿ ಮನೆಯಲ್ಲಿರುವುದು ಅಂತಸ್ತಿನ ಗುರುತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದನ್ನು ಗಮನಿಸಿ ಬರೆದಿದ್ದರು. ಹಳ್ಳಿಯ ಕುಟುಂಬವೊಂದು ನಾಲ್ಕು ಕಾಸು ಕಂಡು ಮೇಲಿನ ಜಾತಿಯವರ ರೀತಿ ರಿವಾಜನ್ನು ಅನುಸರಿಸತೊಡಗಿದಾಗ, ಹೊಲದಲ್ಲಿ ದುಡಿಯುತ್ತಿದ್ದ ಹೆಂಗಸರನ್ನು ಮೊದಲು ಮನೆಯೊಳಗೆ ಕರೆದುಕೊಳ್ಳುತ್ತದೆ. ನಾಟಿಗೆ, ಕಳೆಗೆ ಹೋಗುತ್ತಿದ್ದ ಅತ್ತೆಯ ಸೊಸೆ ಡಿಗ್ರಿ ಮುಗಿಸಿಯೂ ಹೊಸಿಲು ದಾಟದಿರುವುದು ಇಂಥ ಮನೆಗಳಲ್ಲೇ. ಅತ್ತೆಗೆ ಕೇಳಿದರೆ ‘ನಾವು ಪಟ್ಟ ಕಷ್ಟ ಇವರಿಗೆ ಯಾಕೆ’ ಎನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಸೊಸೆ ಮಾತ್ರ ‘ಏನಿಲ್ಲ’ದ ಪಟ್ಟಿಗೆ ಸೇರುತ್ತಾಳೆ.

ಈ ಪಟ್ಟಿ ಎಲ್ಲಿಂದ ಬಂತು ಎಂದು ನೋಡಬೇಕಾದರೆ ಅರ್ಜಿ ನಮೂನೆಗಳನ್ನು ತೆಗೆದು ನೋಡಬೇಕು. ಬ್ಯಾಂಕುಗಳು ಗ್ರಾಹಕರಿಂದ ತುಂಬಿಸಿಕೊಳ್ಳುವ ಕೆವೈಸಿ ನಮೂನೆಯಲ್ಲಿ ‘ವೃತ್ತಿ’ ಎಂಬ ಕಲಮಿನ ಕೆಳಗೆ ನೌಕರಿ, ವ್ಯಾಪಾರ, ಇತರೆ ಎಂಬ ಭಾಗಗಳಿರುತ್ತವೆ. ಗೃಹಿಣಿ ಇರುವುದು ‘ಇತರೆ’ಯಲ್ಲಿ, ನಿವೃತ್ತರು ಮತ್ತು ವಿದ್ಯಾರ್ಥಿಗಳ ಜೊತೆ. ಪಾಸ್‌ಪೋರ್ಟಿನ ಅರ್ಜಿ ಕೊಂಚ ಮರ್ಯಾದಸ್ಥ. ಅದರಲ್ಲಿ ‘ಹೋಮ್‌ಮೇಕರ್’ ಬೇರೆ, ‘ಕೆಲಸವಿಲ್ಲದವರು’ ಬೇರೆ. ಶಾಲೆಯ ಪ್ರವೇಶದ ಅರ್ಜಿಯಲ್ಲಿ ತಾಯಿಯ ವೃತ್ತಿಯ ಪಕ್ಕದಲ್ಲೇ ವಾರ್ಷಿಕ ಆದಾಯದ ಕಲಮು ಇರುತ್ತದೆ. ಮೊದಲನೆಯದರಲ್ಲಿ ‘ಗೃಹಿಣಿ’ ಎಂದು ಬರೆದ ಕೈ ಎರಡನೆಯದರಲ್ಲಿ ಅಡ್ಡಗೆರೆ ಎಳೆಯುತ್ತದೆ. ಮಗು ಆ ಶಾಲೆ ಸೇರಿ ಮೂರನೆಯ ತರಗತಿಗೆ ಬಂದಾಗ ಪ್ರಬಂಧ ಬರೆಯುತ್ತದೆ: ‘ನನ್ನ ತಂದೆ ಡ್ರೈವರ್ ಕೆಲಸ ಮಾಡುತ್ತಾರೆ. ನನ್ನ ತಾಯಿ ಗೃಹಿಣಿ.’ ಅಪ್ಪನ ವಾಕ್ಯದಲ್ಲಿ ಕ್ರಿಯಾಪದವಿದೆ, ಅಮ್ಮನದರಲ್ಲಿ ಇಲ್ಲ. ಮಗುವಿಗೆ ವ್ಯಾಕರಣ ಹೇಳಿಕೊಟ್ಟವಳು ಅಮ್ಮನೇ ಆಗಿರುತ್ತಾಳೆ ಎಂಬುದು ಬೇರೆ ಮಾತು.

ಎಲ್ಲಕ್ಕಿಂತ ದೊಡ್ಡ ನಮೂನೆ ಜನಗಣತಿಯದು. ನಮ್ಮ ದೇಶದಲ್ಲಿ ಎಲ್ಲೆಡೆ ಒಂದೇ ಸಲಕ್ಕೆ ನಡೆದ ಮೊದಲ ಜನಗಣತಿ 1881ರದು. ಅದೇ ವರ್ಷ ಇಂಗ್ಲೆಂಡಿನಲ್ಲೂ ಗಣತಿ ನಡೆಯಿತು. ಮೂವತ್ತು ವರ್ಷ ಹಿಂದೆ, 1851ರ ಗಣತಿಯಲ್ಲಿ, ಅಲ್ಲಿನವರು ಮನೆವಾರ್ತೆ ನೋಡುವ ಪತ್ನಿಯರಿಗೂ ತಾಯಂದಿರಿಗೂ ವೃತ್ತಿಗಳ ಪಟ್ಟಿಯಲ್ಲಿ ಒಂದು ವರ್ಗ ಕೊಟ್ಟಿದ್ದರು. 1881ಕ್ಕೆ ಅವರನ್ನು ‘ವೃತ್ತಿಯಿಲ್ಲದವರು’ ಎಂಬ ಕಡೆಗೆ ಸರಿಸಿದರು. ಆ ಮೂವತ್ತು ವರ್ಷದಲ್ಲಿ ಇಂಗ್ಲೆಂಡಿನ ಹೆಂಗಸರು ಅಡುಗೆ ಮಾಡುವುದನ್ನೇನೂ ನಿಲ್ಲಿಸಿರಲಿಲ್ಲ.

ನಮ್ಮಲ್ಲಿ 2001ರ ಜನಗಣತಿ ಜನರನ್ನು ದುಡಿಯುವವರು, ದುಡಿಯದವರು ಎಂದು ವಿಂಗಡಿಸಿ, ದುಡಿಯದವರಲ್ಲಿ ವಿದ್ಯಾರ್ಥಿಗಳು, ಮನೆವಾರ್ತೆ ನೋಡುವವರು, ಅವಲಂಬಿತರು, ಪಿಂಚಣಿದಾರರು, ಭಿಕ್ಷುಕರು ಎಂದೆಲ್ಲ ಉಪವಿಭಾಗ ಮಾಡಿತು. ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ. ಅದೇ ಗಣತಿಯ ನಿಯಮದ ಪ್ರಕಾರ, ಮನೆಯ ಬಳಕೆಗೇ ಆದರೂ ಹಾಲು ಉತ್ಪಾದನೆ ಮಾಡುವವರು ದುಡಿಯುವವರು. ಅಂದರೆ ಕೊಟ್ಟಿಗೆಯಲ್ಲಿ ಕೂತು ಹಸುವಿನ ಹಾಲು ಕರೆಯುವಾಗ ಆಕೆ ದುಡಿಯುವವಳು. ಅದೇ ಹಾಲನ್ನು ಒಳಗೆ ತಂದು, ಕಾಯಿಸಿ, ಆರಿಸಿ, ಹಟ ಮಾಡುವ ಮಗುವಿಗೆ ಕುಡಿಸುವಾಗ ದುಡಿಯದವಳು. ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಇರುವ ಬಾಗಿಲಲ್ಲಿ ಆಕೆಯ ವೃತ್ತಿ ಬದಲಾಗಿರುತ್ತದೆ.

ಇದು ಗಣತಿ ಇಲಾಖೆಯವರ ತರಲೆ ಅಲ್ಲ, ಇದರ ಹಿಂದೆ ಲೆಕ್ಕಶಾಸ್ತ್ರವಿದೆ. ದೇಶಗಳ ರಾಷ್ಟ್ರೀಯ ಆದಾಯ ಲೆಕ್ಕಹಾಕುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮನೆಯ ಬಳಕೆಗೆ ತಯಾರಾದ ವಸ್ತು ಉತ್ಪಾದನೆಗೆ ಸೇರುತ್ತದೆ, ಮನೆಯವರಿಗೆ ಮಾಡಿದ ಸೇವೆ ಸೇರುವುದಿಲ್ಲ. ಹಿತ್ತಲಲ್ಲಿ ಬೆಳೆದ ಬದನೆ ಲೆಕ್ಕಕ್ಕುಂಟು, ಅದರಿಂದ ಮಾಡಿದ ಎಣ್ಣೆಗಾಯಿ ಲೆಕ್ಕಕ್ಕಿಲ್ಲ. ಮನೆಗೆಲಸದವಳನ್ನೇ ಮದುವೆಯಾದರೆ ದೇಶದ ಆದಾಯ ಅಷ್ಟರಮಟ್ಟಿಗೆ ಇಳಿಯುತ್ತದೆ ಎಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಈ ವಿಚಿತ್ರವನ್ನು ಎತ್ತಿ ತೋರಿಸಿದ್ದರು. ನೂರು ವರ್ಷ ಕಳೆದರೂ ಆ ವಿಚಿತ್ರ ಹಾಗೇ ಇದೆ. ಒಂದು ಕಡೆ ಮಾತ್ರ ಸಣ್ಣ ತಿದ್ದುಪಡಿಯಾಯಿತು. 2013ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಡಿ ಸೇರಿದ್ದ ಕಾರ್ಮಿಕ ಅಂಕಿಅಂಶ ತಜ್ಞರು, ಸ್ವಂತ ಮನೆಯವರಿಗಾಗಿ ಮಾಡುವ ಅಡುಗೆ, ಮಕ್ಕಳ ಆರೈಕೆಯೂ ‘ಕೆಲಸ’ವೇ, ಸಂಬಳಕ್ಕೋ ಲಾಭಕ್ಕೋ ಮಾಡುವ ಉದ್ಯೋಗ ಅದರ ಒಂದು ಭಾಗ ಮಾತ್ರ ಎಂದು ಒಪ್ಪಿಕೊಂಡರು. ಶಾಸ್ತ್ರದ ಮಟ್ಟಿಗೆ ಹತ್ತು ವರ್ಷಕ್ಕೂ ಹಿಂದೆಯೇ ಆಕೆ ಕೆಲಸ ಮಾಡುವವಳು. ಮದುವೆಮನೆಯ ಪಂಕ್ತಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಎಷ್ಟು ಕೆಲಸ ಎಂಬುದನ್ನು ಕೇಂದ್ರ ಸರ್ಕಾರವೇ ಎರಡು ಸಲ ಅಳೆದಿದೆ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರದು 289 ಆಯಿತು, ಗಂಡಸರದು 88ಕ್ಕೆ ಇಳಿಯಿತು. ಮಿಕ್ಸರ್, ಗ್ರೈಂಡರ್, ವಾಷಿಂಗ್ ಮೆಷಿನ್ ಎಲ್ಲ ಬಂದ ಮೇಲೂ ಹೆಂಗಸರಿಗೆ ಉಳಿದದ್ದು ಹತ್ತು ನಿಮಿಷ. ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡರು ಎಂಬುದನ್ನು ಮರೆಯಬಾರದು. ಈ 88 ನಿಮಿಷವೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಸರಾಸರಿ ಮಾತ್ರ, ಕೈಹಾಕದವರು ಆ ಲೆಕ್ಕದೊಳಗೇ ಇಲ್ಲ. 2019ರಲ್ಲಿ ಕೈಹಾಕಿದ್ದವರು ನೂರಕ್ಕೆ ಇಪ್ಪತ್ತಾರು ಮಂದಿ. ಮಕ್ಕಳ, ವೃದ್ಧರ ಆರೈಕೆಯ ಸಮಯ ಇದಕ್ಕೆ ಸೇರಿಲ್ಲ, ಅದು ಬೇರೆ. 2024ರಲ್ಲಿ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಆರೈಕೆಗೆ ನಿಂತವರು ದಿನಕ್ಕೆ ಸರಾಸರಿ 140 ನಿಮಿಷ ಅದರಲ್ಲಿದ್ದರು.

ಅಂಕಿ ಬದಿಗಿಡೋಣ. ಹೋದ ವರ್ಷ, 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಆಗ ನಾನು ತಿಪಟೂರಿನ ನೆಂಟರ ಮನೆಯಲ್ಲಿದ್ದೆ. ಪ್ರಾಥಮಿಕ ಶಾಲೆಯ ಮೇಡಂ ಒಬ್ಬರು ಮೊಬೈಲಿನಲ್ಲಿ ಅರವತ್ತು ಪ್ರಶ್ನೆ ತುಂಬಿಕೊಂಡು ಪಕ್ಕದ ಮನೆಯ ಜಗಲಿಗೆ ಬಂದರು. ಬಾಗಿಲಲ್ಲೇ ಕೇಳಿದ್ದು ‘ಯಜಮಾನ್ರಿಲ್ವಾ?’ ಯಜಮಾನರು ಪಂಚೆ ಸರಿಪಡಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಅವರ ಹೆಂಡತಿ ಆ ಹೊತ್ತಿಗೆ ಜಗಲಿಯ ಮೂಲೆಯಲ್ಲಿ ಕಾಲು ನೀಡಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ರೇಷ್ಮೆ ಸೀರೆಯ ಸೆರಗನ್ನು ದಿಂಬಿಗೆ ಪಿನ್ನು ಹಾಕಿ ಬಿಗಿದಿತ್ತು. ಎಳೆಗಳನ್ನು ಎಣಿಸಿ ಜಡೆಯಂತೆ ತಿರುವಿ, ನಡುನಡುವೆ ಮಣಿ ಪೋಣಿಸಿ ಗಂಟು ಹಾಕುತ್ತಿದ್ದರು. ಪಕ್ಕದ ಚೀಲದಲ್ಲಿ ಇನ್ನೂ ಐದಾರು ಸೀರೆ. ಅಂಗಡಿಯವರು ಕೊಟ್ಟಿದ್ದು, ಮದುವೆ ಸೀಸನ್ನಿಗೆ ಮುಂಚೆ ಮುಗಿಸಿ ಕೊಡಬೇಕು. ತೊಡೆಯ ಮೇಲೆ ಎರಡು ವರ್ಷದ ಮಗು ನಿದ್ದೆ ಹೋಗಿತ್ತು, ಅದು ಏಳದ ಹಾಗೆ ಮಂಡಿ ಅಲ್ಲಾಡಿಸುತ್ತಲೇ ಕೈ ಕೆಲಸ ಮಾಡುತ್ತಿತ್ತು.

‘ನಿಮ್ಮ ಮಿಸೆಸ್ಸು ಏನ್ ಕೆಲಸ ಸಾರ್?’ ಎಂದರು ಮೇಡಂ.

‘ಏನಿಲ್ಲ, ಹೌಸ್‌ವೈಫ್ ಅಂತ ಹಾಕ್ಕೊಳ್ಳಿ.’

ಕುಚ್ಚು ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. ಮೇಡಂ ಒಂದು ಕ್ಷಣ ಸೀರೆಯ ಕಡೆ ನೋಡಿದರು, ‘ಎಷ್ಟು ತಗೋತೀರಾ ಒಂದಕ್ಕೆ?’ ಎಂದು ಕೇಳಿದರು. ತಮ್ಮದೊಂದು ಸೀರೆ ಕೊಡುವ ಮನಸ್ಸಿತ್ತು ಅನಿಸುತ್ತದೆ. ರೇಟು ಮಾತಾಡಿ, ‘ನಾಡಿದ್ದು ತಂದ್ಕೊಡ್ತೀನಿ’ ಎಂದು, ಮುಂದಿನ ಪ್ರಶ್ನೆಗೆ ಹೋದರು. ಹಿಂದಿನ ಉತ್ತರವನ್ನು ತಿದ್ದಿದ್ದು ನನಗಂತೂ ಕಾಣಲಿಲ್ಲ.

ಇಂಥ ಕೆಲಸ ನಮ್ಮ ನಾಡಿನ ಮನೆಮನೆಯಲ್ಲಿದೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವುದು, ಮಲೆನಾಡಿನಲ್ಲಿ ಅಡಿಕೆ ಸುಲಿಯುವುದು, ಇಳಕಲ್ಲಿನಲ್ಲಿ ಮಗ್ಗಕ್ಕೆ ನೂಲು ಸುತ್ತಿಕೊಡುವುದು, ರಾಮನಗರ ಕೋಲಾರದ ಕಡೆ ರೇಷ್ಮೆಹುಳಕ್ಕೆ ಸೊಪ್ಪು ಹಾಕುವುದು, ಕಲಬುರಗಿ ವಿಜಯಪುರದಲ್ಲಿ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವುದು. ಯಾವ ದೇಶದ, ಯಾವ ವ್ಯಾಖ್ಯೆಯ ಪ್ರಕಾರ ನೋಡಿದರೂ ಇದು ದುಡಿಮೆ. ಇವರು ಗೃಹಿಣಿಯರೂ ಹೌದು, ಕೆಲಸಗಾರರೂ ಹೌದು. ಸಮೀಕ್ಷೆಯ ಹಾಳೆಯಲ್ಲಿ ಎರಡರಲ್ಲಿ ಒಂದೇ ಉಳಿಯುತ್ತದೆ. ಉಳಿಯುವುದು ಯಾವುದು ಎಂದು ಬೇರೆ ಹೇಳಬೇಕಾಗಿಲ್ಲ. 1991ರ ಜನಗಣತಿಯಲ್ಲಿ ಈ ತೊಂದರೆ ಅರಿತೇ ಪ್ರಶ್ನೆಗೆ ‘ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರಿ’ ಎಂಬ ಅರ್ಥದ ಮಾತನ್ನು ಸೇರಿಸಿದ್ದರು. ಪ್ರಶ್ನೆ ತಿದ್ದಬಹುದು. ಅದಕ್ಕೆ ಉತ್ತರ ಹೇಳಲು ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಇಲಾಖೆ ತಿದ್ದಲಾರದು.

ಇಷ್ಟೆಲ್ಲ ಆದರೂ ಒಂದು ಪದದಿಂದ ಏನಾಗುತ್ತದೆ ಎಂದು ಕೇಳಬಹುದು. ಏನಾಗುತ್ತದೆ ಎಂಬುದು ಗೊತ್ತಾಗುವುದು ಆಕೆ ಸತ್ತ ಮೇಲೆ, ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ. ರಸ್ತೆ ಅಪಘಾತದಲ್ಲಿ ಒಬ್ಬರು ತೀರಿಕೊಂಡರೆ ಪರಿಹಾರದ ಲೆಕ್ಕ ಅವರ ಆದಾಯದಿಂದ ಶುರುವಾಗುತ್ತದೆ. ತಿಂಗಳ ಗಳಿಕೆ ಎಷ್ಟು, ವಯಸ್ಸೆಷ್ಟು, ಅವರನ್ನು ನಂಬಿಕೊಂಡವರು ಎಷ್ಟು ಜನ. ಮೊದಲನೆಯದೇ ಸೊನ್ನೆಯಾದರೆ? ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಸೇರಿದ ಎರಡನೆಯ ಅನುಸೂಚಿ ಇದಕ್ಕೊಂದು ಉತ್ತರ ಕೊಟ್ಟಿತ್ತು. ಆದಾಯವಿಲ್ಲದವರಿಗೆ ವರ್ಷಕ್ಕೆ 15,000 ರೂಪಾಯಿ ಎಂದಿಟ್ಟುಕೊಳ್ಳಿ, ಪತ್ನಿಯಾದರೆ ದುಡಿಯುವ ಗಂಡನ ಆದಾಯದ ಮೂರನೆಯ ಒಂದು ಭಾಗ ಎಂದು. ಆಕೆಯ ಬೆಲೆ ಗಂಡನ ಪೇ ಸ್ಲಿಪ್ಪಿನಲ್ಲಿತ್ತು. ಗುಮಾಸ್ತನ ಹೆಂಡತಿ ಮಾಡಿದ ಅಡುಗೆಗೆ ಒಂದು ದರ, ಮ್ಯಾನೇಜರನ ಹೆಂಡತಿಯ ಅಡುಗೆಗೆ ಇನ್ನೊಂದು.

1989ರ ಮಾರ್ಚ್ 3ರಂದು ಜಮ್‌ಷೆಡ್‌ಪುರದಲ್ಲಿ ಉಕ್ಕಿನ ಕಾರ್ಖಾನೆಯ ಸಂಸ್ಥಾಪಕರ ದಿನಾಚರಣೆಯ ಚಪ್ಪರಕ್ಕೆ ಬೆಂಕಿ ಬಿತ್ತು. ಸತ್ತವರಲ್ಲಿ ನೌಕರರ ಹೆಂಡತಿಯರು, ಮಕ್ಕಳು ಬಹಳ. ಪರಿಹಾರ ನಿಗದಿ ಮಾಡಲು ಸುಪ್ರೀಂ ಕೋರ್ಟು ನೇಮಿಸಿದ್ದ ನಿವೃತ್ತ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್, 34ರಿಂದ 59 ವಯಸ್ಸಿನ ಗೃಹಿಣಿಯರ ಸೇವೆಗೆ ವರ್ಷಕ್ಕೆ 12,000 ರೂಪಾಯಿ ಎಂದು ಲೆಕ್ಕ ಹಿಡಿದರು. 2001ರಲ್ಲಿ ಸುಪ್ರೀಂ ಕೋರ್ಟು ಅದು ತೀರಾ ಕಡಿಮೆ ಎಂದು 36,000ಕ್ಕೆ ಏರಿಸಿತು. ದಿನಕ್ಕೆ ಸುಮಾರು ನೂರು ರೂಪಾಯಿ.

2010ರ ಇನ್ನೊಂದು ಪ್ರಕರಣ ನನಗೆ ಇದಕ್ಕಿಂತ ಹೆಚ್ಚು ಹೇಳುತ್ತದೆ. ಉತ್ತರ ಪ್ರದೇಶದಲ್ಲಿ ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬಳಿಗೆ ನ್ಯಾಯಮಂಡಳಿ ಗಂಡನ ಆದಾಯದ ಮೂರನೆಯ ಒಂದು ಭಾಗದ ಸೂತ್ರ ಹಿಡಿದು ಲೆಕ್ಕ ಹಾಕಿತು. 6 ಲಕ್ಷ ಬಂತು. ಆಮೇಲೆ, ಆಕೆ ನಿಜವಾಗಿ ದುಡಿಯುತ್ತಿರಲಿಲ್ಲವಲ್ಲ ಎಂದುಕೊಂಡು ಅದನ್ನು ಎರಡೂವರೆ ಲಕ್ಷಕ್ಕೆ ಇಳಿಸಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಉತ್ತರ ಮಾತ್ರ ಜಾಸ್ತಿಯಾಯಿತು ಅನಿಸಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಜಿ.ಎಸ್. ಸಿಂಘ್ವಿ ಮತ್ತು ಎ.ಕೆ. ಗಂಗೂಲಿ 6 ಲಕ್ಷವನ್ನು ವಾಪಸು ಕೊಡಿಸಿದರು. ಅಡುಗೆ ಮಾಡಿ, ಮಕ್ಕಳನ್ನು ನೋಡಿಕೊಂಡು, ನೀರು ಸೌದೆ ಹೊರುವ ಹೆಂಗಸರನ್ನು ಜನಗಣತಿ ಭಿಕ್ಷುಕರ, ಕೈದಿಗಳ ಸಾಲಿಗೆ ಸೇರಿಸಿದ್ದನ್ನು ಗಂಗೂಲಿಯವರು ಅದೇ ತೀರ್ಪಿನಲ್ಲಿ ಖಂಡಿಸಿದರು. 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಇನ್ನೊಂದು ತೀರ್ಪಿನಲ್ಲಿ 2011ರ ಗಣತಿಯ ಅಂಕಿ ಎತ್ತಿಕೊಂಡರು. ಮನೆಗೆಲಸವೇ ಮುಖ್ಯ ಕೆಲಸ ಎಂದು ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದಷ್ಟು. 2024ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ, ಗೃಹಿಣಿಯ ಆದಾಯವನ್ನು ದಿನಗೂಲಿಯವರ ಕನಿಷ್ಠ ವೇತನಕ್ಕಿಂತ ಕಡಿಮೆ ಎಂದು ಹಿಡಿಯುವುದು ಹೇಗೆ ಎಂದು ಕೇಳಿತು.

ನಮ್ಮ ರಾಜ್ಯದ ನ್ಯಾಯಾಲಯಗಳಲ್ಲಿ, ಆದಾಯಕ್ಕೆ ದಾಖಲೆ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯೊಂದನ್ನು ನೋಡುವ ರೂಢಿಯಿದೆ. ಅಪಘಾತವಾದ ವರ್ಷಕ್ಕೆ ತಕ್ಕಂತೆ ಒಂದು ಕಾಲ್ಪನಿಕ ಆದಾಯ ಅದರಲ್ಲಿರುತ್ತದೆ. ಹಾಗಿದ್ದರೂ ಅರ್ಜಿ ಹಾಕುವ ಕುಟುಂಬಗಳು ‘ಗೃಹಿಣಿ’ ಎಂದಷ್ಟೇ ಬರೆದು ಸುಮ್ಮನಾಗುವುದಿಲ್ಲ. ‘ಟೈಲರಿಂಗ್ ಮಾಡುತ್ತಿದ್ದರು, ಹಾಲು ಮಾರುತ್ತಿದ್ದರು, ತಿಂಗಳಿಗೆ ಇಷ್ಟು ಸಂಪಾದಿಸುತ್ತಿದ್ದರು’ ಎಂದು ಸೇರಿಸುತ್ತವೆ. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ‘ದಾಖಲೆ ಇದೆಯೇ?’ ಎನ್ನುತ್ತಾರೆ. ಬದುಕಿದ್ದಾಗ ‘ಏನಿಲ್ಲ, ಹೌಸ್‌ವೈಫ್’ ಎಂದು ಅವಳ ಪರವಾಗಿ ಬರೆಸಿದ ಗಂಡನೇ ಕಟಕಟೆಯಲ್ಲಿ ನಿಂತು ಅವಳು ಎಷ್ಟು ದುಡಿಯುತ್ತಿದ್ದಳು ಎಂದು ಸಾಬೀತು ಮಾಡಬೇಕಾಗುತ್ತದೆ. ಬ್ಯಾಂಕಿನ ಕಾಗದ, ರೇಷನ್ ಕಾರ್ಡು, ಸಮೀಕ್ಷೆ ಎಲ್ಲದರಲ್ಲೂ ಅವನೇ ಹೇಳಿದ ‘ಏನಿಲ್ಲ’ ಎದುರಿಗಿರುತ್ತದೆ.

ಹೊಸ ಹೆಸರುಗಳ ಬಗ್ಗೆಯೂ ಒಂದು ಮಾತು. ‘ಹೌಸ್‌ವೈಫ್’ ಬೇಡ, ‘ಹೋಮ್‌ಮೇಕರ್’ ಎನ್ನಿ ಎಂದು 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಕೈಪಿಡಿ ನ್ಯಾಯಾಧೀಶರಿಗೆ ತಿಳಿಸಿತು. ಕೋರ್ಟಿನ ಭಾಷೆಗೆ ಅದು ಬೇಕಾದದ್ದೇ. ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್ 2021ರಲ್ಲಿ ಮನೆಯಲ್ಲಿರುವ ತಾಯಿ ಎಂಬುದನ್ನೂ ಹುದ್ದೆಗಳ ಪಟ್ಟಿಗೆ ಸೇರಿಸಿತು. ನನಗೆ ತಾಳ್ಮೆ ತಪ್ಪುವುದು ತಾಯಂದಿರ ದಿನಕ್ಕೆ ವಾಟ್ಸಾಪಿನಲ್ಲಿ ಬರುವ ‘ಅಮ್ಮ ಈ ಮನೆಯ ಸಿಇಒ’ ಎಂಬಂಥವುಗಳಿಂದ. ಸಿಇಒ ಆದವರು ಸಿಂಕಿನ ಜಾಲರಿಯಲ್ಲಿ ಸಿಕ್ಕ ಅನ್ನದ ಅಗುಳು ತೆಗೆಯುವುದಿಲ್ಲ, ಜ್ವರ ಬಂದರೆ ರಜೆ ಹಾಕುತ್ತಾರೆ, ತಿಂಗಳ ಕೊನೆಗೆ ಸಂಬಳ ಎಣಿಸುತ್ತಾರೆ. ಈ ಬಿರುದಿನ ಜೊತೆ ಮೂರರಲ್ಲಿ ಒಂದನ್ನಾದರೂ ಕೊಡುವವರಿದ್ದರೆ ಕಳಿಸಲಿ.

ಸಂಬಳ ಎಂದಾಗ ಗೃಹಲಕ್ಷ್ಮಿಯ ನೆನಪಾಗುವುದು ಸಹಜ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಯಾದ ಈ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಮಿಳುನಾಡು ಹೆಂಗಸರ ‘ಹಕ್ಕಿನ ಹಣ’ ಎಂದು ಹೆಸರಿಟ್ಟು ತಿಂಗಳಿಗೆ 1,000 ಶುರುಮಾಡಿತು. ನಮ್ಮಲ್ಲಿ ಎಷ್ಟೋ ಹೆಂಗಸರ ಹೆಸರಿಗೆ ಮೊದಲ ಸಲ ತಿಂಗಳು ತಿಂಗಳು ದುಡ್ಡು ಬಂದದ್ದು ಇದರಿಂದಲೇ, ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಇದು ಮಾಡಿದ ಕೆಲಸಕ್ಕೆ ಕೊಡುವ ಹಣವಲ್ಲ, ಪಡಿತರ ಚೀಟಿಯಲ್ಲಿರುವ ಸ್ಥಾನಕ್ಕೆ ಕೊಡುವುದು. ಒಂದು ಚೀಟಿಗೆ ಒಬ್ಬಳೇ ಯಜಮಾನಿ. ಕೂಡುಕುಟುಂಬದಲ್ಲಿ ಅದು ಅತ್ತೆ. ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ದಿನವಿಡೀ ಬೇಯುವ ಸೊಸೆಯ ಖಾತೆಗೆ ಏನೂ ಬರುವುದಿಲ್ಲ. ಅತ್ತೆ ಒಳ್ಳೆಯವರಾದರೆ ಐನೂರು ಕೈಗೆ ಬಂದೀತು.

ಮನೆಯಲ್ಲಿರುವ ತಾಯಿ ತನಗೊಂದು ಹೊಸ ಹೆಸರು ಹುಡುಕಿಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಹೆಸರು ಏನೇ ಇರಲಿ, ಮಾಡುವ ಕೆಲಸವನ್ನು ಕೆಲಸವಾಗಿ ಹೇಳಿದರೆ ಸಾಕು. ‘ಎರಡು ಮಕ್ಕಳನ್ನ ನೋಡ್ಕೋತೀನಿ, ಅತ್ತೆಗೆ ಹುಷಾರಿಲ್ಲ ಅವರನ್ನೂ ನಾನೇ ನೋಡ್ಕೊಳ್ಳೋದು, ಹಸು ಒಂದಿದೆ, ಬ್ಲೌಸ್ ಹೊಲೀತೀನಿ.’ ಇದಿಷ್ಟಕ್ಕೆ ಅರ್ಧ ನಿಮಿಷ ಸಾಕು. ಪಂಕ್ತಿಯಲ್ಲಿ ಹೇಳದಿದ್ದರೂ ನಡೆಯುತ್ತದೆ, ಪಕ್ಕದ ಎಲೆಯವರು ಹೋಳಿಗೆ ಬಂದ ಕೂಡಲೇ ಮರೆಯುತ್ತಾರೆ. ಬರೆದುಕೊಳ್ಳುವವರ ಮುಂದೆ ಮಾತ್ರ ಹೇಳಲೇಬೇಕು.

ಅಂಥ ಸಂದರ್ಭ ದೂರವಿಲ್ಲ. ಹದಿನಾರು ವರ್ಷದ ಬಳಿಕ ಬರುತ್ತಿರುವ ಜನಗಣತಿಯಲ್ಲಿ ಜನರ ಎಣಿಕೆಗೆ ನಿಗದಿಯಾಗಿರುವುದು 2027ರ ಫೆಬ್ರುವರಿ. ಈ ಸಲ ಮೊಬೈಲಿನಲ್ಲಿ ನಾವೇ ವಿವರ ತುಂಬುವ ಅವಕಾಶವೂ ಇದೆ. ಮನೆಯಲ್ಲಿ ಆ ಮೊಬೈಲು ಯಾರ ಕೈಯಲ್ಲಿರುತ್ತದೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಆದ್ದರಿಂದ ಗಂಡಸರಲ್ಲಿ ಒಂದು ವಿನಂತಿ. ಹೆಂಡತಿಯ, ತಾಯಿಯ, ಸೊಸೆಯ ಕೆಲಸದ ಪ್ರಶ್ನೆ ಬಂದಾಗ ನೀವು ಬಾಯಿ ಹಾಕಬೇಡಿ, ಅವರನ್ನು ಕರೆಯಿರಿ. ಗಣತಿಗೆ ಬರುವ ಮೇಷ್ಟ್ರು ಮೇಡಂಗಳಲ್ಲೂ ಒಂದು ವಿನಂತಿ. ‘ಯಜಮಾನ್ರಿಲ್ವಾ’ ಎಂಬುದನ್ನು ಬಿಟ್ಟು ‘ಅಮ್ಮಾ, ದನ ಕರ ಇದೆಯಾ, ಬೀಡಿ ಕಟ್ತೀರಾ, ಹೊಲಕ್ಕೆ ಹೋಗ್ತೀರಾ’ ಎಂದು ಒಂದೊಂದಾಗಿ ಅವರನ್ನೇ ಕೇಳಿ. ಇನ್ನು ತಾಯಂದಿರೇ, ‘ಏನಿಲ್ಲ’ ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಂಡು, ಮಾಡುವ ಕೆಲಸ ಹೇಳಿ. ಬರೆದುಕೊಂಡಾದ ಮೇಲೆ ಏನು ಬರೆದುಕೊಂಡಿರಿ ಎಂದು ಒಮ್ಮೆ ಓದಿಸಿ ಕೇಳಿ.